ರಿಪೇರಿಯ ನಂತರ ಟ್ರ್ಯಾಕ್ಟರ್‌ನ ಸವಕಳಿ: ಗಂಟೆ ಲೆಕ್ಕದಲ್ಲಿ ಹಾಕುವ ಬಗೆ

ಯಂತ್ರವೊಂದು ಬಳಕೆಯಿಂದ, ಕಾಲ ಕಳೆದಂತೆ, ಹೊಸ ಮಾದರಿಗಳು ಬಂದಂತೆ ಬೆಲೆ ಕಳೆದುಕೊಳ್ಳುತ್ತದೆ. ಈ ಇಳಿಕೆಯನ್ನು ಯಂತ್ರ ದುಡಿಯುವ ಅವಧಿಯ ಮೇಲೆ ಹಂಚಿ ಖರ್ಚಾಗಿ ಬರೆಯುವುದೇ ಸವಕಳಿ. ಗಡಿನಾಡಿನ ಕನ್ನಡಿಗರಿಗೆ ಈ ಪದ ಬೇರೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಜತ್ತ, ಅಕ್ಕಲಕೋಟ, ಸೊಲ್ಲಾಪುರದ ಸಹಕಾರಿ ಸಂಘಗಳ ಮರಾಠಿ ತಃಖ್ತೆಯಲ್ಲಿ ಇದು ‘ಘಸಾರಾ’. ಹೊಸೂರು, ತಾಳವಾಡಿ, ನೀಲಗಿರಿಯ ತಮಿಳು ಕಾಗದಪತ್ರಗಳಲ್ಲಿ ‘ತೇಯ್ಮಾನಂ’. ಕಾಸರಗೋಡು, ವಯನಾಡಿನ ಮಲಯಾಳದಲ್ಲೂ ‘ತೇಯ್ಮಾನಂ’. ಆದೋನಿ, ರಾಯದುರ್ಗ, ಮಡಕಶಿರದ ತೆಲುಗಿನಲ್ಲಿ ‘ತರುಗುದಲ’. ಗಂಧದ ಕೊರಡನ್ನು ತೇಯುತ್ತಾ ಹೋದಂತೆ ಕೊರಡು ಸಣ್ಣದಾಗುವ ಕಲ್ಪನೆಯೇ ಈ ಪದಗಳ ಹಿಂದೆಯೂ ಇದೆ.

ಹೊಸ ಯಂತ್ರದ ಸವಕಳಿ ಹಾಕುವುದು ಸುಲಭ. ಗೊಂದಲ ಶುರುವಾಗುವುದು ದೊಡ್ಡ ರಿಪೇರಿ ಮಾಡಿಸಿದ ಮೇಲೆ. ಎಂಜಿನ್ ಬಿಚ್ಚಿ ಹೊಸ ಲೈನರ್, ಪಿಸ್ಟನ್ ಹಾಕಿಸಿದ ಟ್ರ್ಯಾಕ್ಟರ್ ಹಳೆಯದೋ, ಅರ್ಧ ಹೊಸದೋ? ರಿಪೇರಿಗೆ ಕೊಟ್ಟ ಹಣ ಆ ವರ್ಷದ ಖರ್ಚೋ, ಟ್ರ್ಯಾಕ್ಟರ್‌ನ ಬೆಲೆಗೆ ಸೇರುವುದೋ? ಅಣ್ಣತಮ್ಮಂದಿರು ಕೂಡಿ ಕೊಂಡ ಟ್ರ್ಯಾಕ್ಟರ್ ಆಗಿದ್ದರೆ, ಪಾಲಾಗುವ ದಿನ ಈ ಪ್ರಶ್ನೆ ಲೆಕ್ಕದ ಪುಸ್ತಕ ಬಿಟ್ಟು ಮನೆಯ ಜಗುಲಿಗೆ ಬರುತ್ತದೆ. ಬಳಕೆಯ ಗಂಟೆಯನ್ನು ಆಧರಿಸಿ ಈ ಲೆಕ್ಕ ಮಾಡುವ ಕ್ರಮ ಇಲ್ಲಿದೆ.

ಸವಕಳಿಯ ಮೂರು ಪದ್ಧತಿಗಳು

ಸಾಮಾನ್ಯವಾಗಿ ಬಳಕೆಯಲ್ಲಿರುವ ಪದ್ಧತಿಗಳು ಮೂರು.

1. ಸ್ಥಿರ ಕಂತಿನ ಪದ್ಧತಿ: ಪ್ರತಿ ವರ್ಷ ಒಂದೇ ಮೊತ್ತ.

2. ಇಳಿಮುಖ ಶಿಲ್ಕಿನ ಪದ್ಧತಿ: ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಒಂದೇ ಶೇಕಡಾ ದರ. ಮೊದಲ ವರ್ಷಗಳಲ್ಲಿ ಹೆಚ್ಚು, ಬರಬರುತ್ತಾ ಕಡಿಮೆ.

3. ಬಳಕೆ ಆಧಾರಿತ ಪದ್ಧತಿ: ಯಂತ್ರ ಎಷ್ಟು ದುಡಿಯಿತೋ ಅಷ್ಟು ಸವಕಳಿ. ಅಳತೆ ಗಂಟೆಯದ್ದಾಗಿರಬಹುದು, ಕಿಲೋಮೀಟರ್‌ನದ್ದಾಗಿರಬಹುದು, ಕ್ವಿಂಟಲ್‌ನದ್ದಾಗಿರಬಹುದು.

ಭಾರತದ ಕಂಪನಿಗಳು ಅನುಸರಿಸುವ ಲೆಕ್ಕಪತ್ರ ಮಾನದಂಡಗಳು ಈ ಮೂರನ್ನೂ ಒಪ್ಪುತ್ತವೆ. ಮೊದಲು ಸವಕಳಿಗೆಂದೇ ಎಎಸ್ 6 ಎಂಬ ಪ್ರತ್ಯೇಕ ಮಾನದಂಡವಿತ್ತು. 2016ರಲ್ಲಿ ಅದನ್ನು ಹಿಂತೆಗೆದು, ಪರಿಷ್ಕೃತ ಎಎಸ್ 10ರಲ್ಲಿ ಸೇರಿಸಲಾಯಿತು. ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಇಂಡ್ ಎಎಸ್ 16ರಲ್ಲೂ ಇದೇ ತತ್ವಗಳಿವೆ. ರೈತರಿಗೂ ಸ್ವಸಹಾಯ ಗುಂಪುಗಳಿಗೂ ಈ ಮಾನದಂಡಗಳು ಕಡ್ಡಾಯವಲ್ಲ. ಆದರೆ ಅವುಗಳ ಹಿಂದಿನ ತರ್ಕ ಹಳ್ಳಿಯ ಲೆಕ್ಕಕ್ಕೂ ಹೊಂದುತ್ತದೆ.

ಮಳೆ ಆಶ್ರಯದ ಸೀಮೆಗಳಿಗೆ ಮೂರನೆಯ ಪದ್ಧತಿ ಹೆಚ್ಚು ನ್ಯಾಯವಾದದ್ದು. ಜತ್ತ ತಾಲೂಕಿನಂತಹ ಬರಪೀಡಿತ ಪ್ರದೇಶದಲ್ಲಿ ಮಳೆ ಕೈಕೊಟ್ಟ ವರ್ಷ ಟ್ರ್ಯಾಕ್ಟರ್ ಅರ್ಧಕ್ಕರ್ಧ ದಿನ ಶೆಡ್ಡಿನಲ್ಲೇ ನಿಲ್ಲುತ್ತದೆ. ಒಳ್ಳೆಯ ಮಳೆಯಾದ ವರ್ಷ ರಾತ್ರಿಯೂ ಓಡುತ್ತದೆ. ಎರಡೂ ವರ್ಷಕ್ಕೆ ಒಂದೇ ಸವಕಳಿ ಬರೆದರೆ ಯಾವ ವರ್ಷದ ಲಾಭವೂ ಸರಿಯಾಗಿ ಕಾಣುವುದಿಲ್ಲ.

ಯಾವ ಯಂತ್ರಕ್ಕೆ ಯಾವ ಅಳತೆ

- ಟ್ರ್ಯಾಕ್ಟರ್, ಪವರ್ ಟಿಲ್ಲರ್: ಎಂಜಿನ್ ಓಡಿದ ಗಂಟೆ
- ಜೀಪು, ಟೆಂಪೊ, ಪಿಕ್‌ಅಪ್: ಕಿಲೋಮೀಟರ್
- ಹಿಟ್ಟಿನ ಗಿರಣಿ: ಬೀಸಿದ ಕ್ವಿಂಟಲ್
- ಬೆಲ್ಲ ಮಾಡುವ ಆಲೆಮನೆಯ ಗಾಣ: ಅರೆದ ಕಬ್ಬಿನ ಟನ್
- ಸೊಲ್ಲಾಪುರದ ಚಾದರ, ಟವೆಲ್ ನೇಯುವ ವಿದ್ಯುತ್ ಮಗ್ಗ: ನೇಯ್ದ ಮೀಟರ್ ಅಥವಾ ಓಡಿದ ಗಂಟೆ
- ರಾಯದುರ್ಗದ ಜೀನ್ಸ್ ಹೊಲಿಗೆ ಯಂತ್ರ: ಹೊಲಿದ ಉಡುಪಿನ ಸಂಖ್ಯೆ
- ಅಡಿಕೆ ತೋಟದ ಸ್ಪ್ರೇಯರ್: ಸಿಂಪಡಿಸಿದ ಗಂಟೆ ಅಥವಾ ಖಾಲಿಯಾದ ಬ್ಯಾರೆಲ್

ಕೊನೆಯದರಲ್ಲಿ ಒಂದು ಎಚ್ಚರ ಬೇಕು. ಕಾಸರಗೋಡಿನ ತೋಟಗಳಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇರುತ್ತದೆ. ತೊಳೆಯದೆ ಇಟ್ಟ ಸ್ಪ್ರೇಯರ್‌ನ ಲೋಹದ ಭಾಗಗಳನ್ನು ಅದು ತಿನ್ನುತ್ತದೆ. ಅಂತಹ ಯಂತ್ರ ಓಡಿದ್ದಕ್ಕಿಂತ ನಿಂತಲ್ಲೇ ಹೆಚ್ಚು ಸವೆಯಬಹುದು. ನಿಂತಾಗಲೂ ಹಾಳಾಗುವ ಯಂತ್ರಕ್ಕೆ ಬಳಕೆ ಆಧಾರಿತ ಪದ್ಧತಿ ಅಷ್ಟಾಗಿ ಒಗ್ಗುವುದಿಲ್ಲ.

ಮೂಲ ಸೂತ್ರ

ಲೆಕ್ಕಕ್ಕೆ ಮೂರು ಅಂಕಿ ಬೇಕು.

- ಖರೀದಿ ವೆಚ್ಚ: ಬೆಲೆ, ಸಾಗಣೆ, ನೋಂದಣಿ ಸೇರಿ ಯಂತ್ರ ಕೆಲಸಕ್ಕೆ ನಿಲ್ಲುವವರೆಗೆ ಆದ ಒಟ್ಟು ಖರ್ಚು. ಸಾಲದ ಬಡ್ಡಿ ಇದರಲ್ಲಿ ಬೇಡ.
- ಗುಜರಿ ಬೆಲೆ: ಆಯುಷ್ಯ ಮುಗಿದ ದಿನ ಮಾರಿದರೆ ಬರಬಹುದಾದ ಹಣ.
- ಒಟ್ಟು ಆಯುಷ್ಯ: ಅಲ್ಲಿಯವರೆಗೆ ಓಡಬಹುದಾದ ಗಂಟೆಗಳು.

ಗಂಟೆಯ ಸವಕಳಿ = (ಖರೀದಿ ವೆಚ್ಚ − ಗುಜರಿ ಬೆಲೆ) ÷ ಒಟ್ಟು ಗಂಟೆ

ಕೃಷಿ ಎಂಜಿನಿಯರಿಂಗ್ ಪಠ್ಯಗಳಲ್ಲಿ ಟ್ರ್ಯಾಕ್ಟರ್‌ಗೆ ಸಾಮಾನ್ಯವಾಗಿ ಹಿಡಿಯುವ ಆಯುಷ್ಯ 10 ವರ್ಷ, ವರ್ಷಕ್ಕೆ 1,000 ಗಂಟೆ, ಒಟ್ಟು 10,000 ಗಂಟೆ. ಗುಜರಿ ಬೆಲೆ ಖರೀದಿ ಬೆಲೆಯ ಶೇ. 10. ಇದು ಅಂದಾಜು ಮಾತ್ರ. ಎರೆ ಹೊಲದಲ್ಲಿ ಆಳವಾಗಿ ಉಳುವ ಟ್ರ್ಯಾಕ್ಟರ್ ಬೇಗ ಸವೆಯುತ್ತದೆ, ಟ್ರೇಲರ್ ಎಳೆಯುವುದಷ್ಟೇ ಕೆಲಸವಾದರೆ ಹೆಚ್ಚು ಬಾಳುತ್ತದೆ. ನಂಬಿಕಸ್ಥ ಮೆಕ್ಯಾನಿಕ್ ಹೇಳುವ ಅಂಕಿಯನ್ನೂ ಹೋಲಿಸಿ ನೋಡುವುದು ಒಳ್ಳೆಯದು.

ಒಂದು ಉದಾಹರಣೆ. ಮೂವರು ಅಣ್ಣತಮ್ಮಂದಿರು ಸಮಪಾಲು ಹಾಕಿ 7,00,000 ರೂ.ಗೆ ಟ್ರ್ಯಾಕ್ಟರ್ ಕೊಂಡರು ಎಂದುಕೊಳ್ಳೋಣ. ಗುಜರಿ ಬೆಲೆ 70,000 ರೂ. ಆಯುಷ್ಯ 10,000 ಗಂಟೆ.

(7,00,000 − 70,000) ÷ 10,000 = ಗಂಟೆಗೆ 63 ರೂ.

ಏಳು ವರ್ಷದ ಲೆಕ್ಕ ಹೀಗಿರುತ್ತದೆ:

1ನೇ ವರ್ಷ: 900 ಗಂಟೆ, ಸವಕಳಿ 56,700, ಉಳಿದ ಬೆಲೆ 6,43,300
2ನೇ ವರ್ಷ: 700 ಗಂಟೆ, ಸವಕಳಿ 44,100, ಉಳಿದ ಬೆಲೆ 5,99,200
3ನೇ ವರ್ಷ (ಬರ): 400 ಗಂಟೆ, ಸವಕಳಿ 25,200, ಉಳಿದ ಬೆಲೆ 5,74,000
4ನೇ ವರ್ಷ: 1,000 ಗಂಟೆ, ಸವಕಳಿ 63,000, ಉಳಿದ ಬೆಲೆ 5,11,000
5ನೇ ವರ್ಷ: 1,100 ಗಂಟೆ, ಸವಕಳಿ 69,300, ಉಳಿದ ಬೆಲೆ 4,41,700
6ನೇ ವರ್ಷ: 900 ಗಂಟೆ, ಸವಕಳಿ 56,700, ಉಳಿದ ಬೆಲೆ 3,85,000
7ನೇ ವರ್ಷ: 1,000 ಗಂಟೆ, ಸವಕಳಿ 63,000, ಉಳಿದ ಬೆಲೆ 3,22,000

ಒಟ್ಟು 6,000 ಗಂಟೆ, ಒಟ್ಟು ಸವಕಳಿ 3,78,000 ರೂ. ಸ್ಥಿರ ಕಂತಿನ ಪದ್ಧತಿಯಲ್ಲಿ ಬರದ ವರ್ಷಕ್ಕೂ 63,000 ರೂ. ಬರೆಯಬೇಕಾಗುತ್ತಿತ್ತು. ಆಗ 400 ಗಂಟೆಗೆ ಗಂಟೆಯೊಂದಕ್ಕೆ 157.50 ರೂ. ಸವಕಳಿ ಬಿದ್ದಂತಾಗಿ, ಬಾಡಿಗೆ ದರ ಏರಿಸಬೇಕೆಂಬ ತಪ್ಪು ಲೆಕ್ಕಕ್ಕೆ ದಾರಿಯಾಗುತ್ತಿತ್ತು.

ಯಾವ ರಿಪೇರಿ ಖರ್ಚು, ಯಾವುದು ಬಂಡವಾಳ

ರಿಪೇರಿಯ ಬಿಲ್ಲು ಕೈಗೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಕೆಲಸದಿಂದ ಯಂತ್ರ ಮೊದಲು ಅಂದಾಜಿಸಿದ್ದಕ್ಕಿಂತ ಹೆಚ್ಚು ಗಂಟೆ ಓಡುತ್ತದೆಯೇ, ಅಥವಾ ಹೆಚ್ಚಿನ ಕೆಲಸ ಮಾಡುತ್ತದೆಯೇ? ಅಥವಾ ದೊಡ್ಡ ಭಾಗವೊಂದು ಪೂರ್ತಿ ಬದಲಾಗಿದೆಯೇ?

ಇಲ್ಲ ಎಂದಾದರೆ ಅದು ದಿನನಿತ್ಯದ ನಿರ್ವಹಣೆ. ಎಂಜಿನ್ ಆಯಿಲ್, ಫಿಲ್ಟರ್, ಫ್ಯಾನ್ ಬೆಲ್ಟ್, ಬ್ಯಾಟರಿ, ಪಂಕ್ಚರ್, ಗ್ರೀಸ್, ನಾಜಲ್ ಶುಚಿ ಎಲ್ಲವೂ ಆಯಾ ವರ್ಷದ ಖರ್ಚು. 10,000 ಗಂಟೆ ಬಾಳುತ್ತದೆ ಎಂದು ಅಂದಾಜಿಸಿದ್ದೇ ಇವೆಲ್ಲ ನಡೆಯುತ್ತವೆ ಎಂಬ ಲೆಕ್ಕದ ಮೇಲೆ. ಆದ್ದರಿಂದ ಗಂಟೆಯ ಸವಕಳಿ 63 ರೂ. ಹಾಗೆಯೇ ಮುಂದುವರಿಯುತ್ತದೆ.

ಹೌದು ಎಂದಾದರೆ ಅದು ಬಂಡವಾಳ ವೆಚ್ಚ. ಎಂಜಿನ್ ಪೂರ್ತಿ ಓವರ್‌ಹಾಲ್, ಗೇರ್ ಬಾಕ್ಸ್ ಬದಲಾವಣೆ, ಹಳೆಯ ಪಂಪಿಗೆ ಹೊಸ ಮೋಟಾರ್ ಇತ್ಯಾದಿ ಈ ಗುಂಪಿನವು. ಇವನ್ನು ಯಂತ್ರದ ಬೆಲೆಗೆ ಸೇರಿಸಿ, ಮುಂದಿನ ಗಂಟೆಗಳ ಮೇಲೆ ಹಂಚಬೇಕು.

ಬಿಲ್ಲಿನ ಮೊತ್ತ ದೊಡ್ಡದು ಎಂಬ ಒಂದೇ ಕಾರಣಕ್ಕೆ ರಿಪೇರಿ ಬಂಡವಾಳವಾಗುವುದಿಲ್ಲ. ಪಲ್ಟಿಯಾದ ಟ್ರ್ಯಾಕ್ಟರ್‌ಗೆ 60,000 ರೂ. ಖರ್ಚು ಮಾಡಿ ಮೊದಲಿನ ಸ್ಥಿತಿಗೆ ತಂದರೆ, ಅದು ನಷ್ಟವೇ ಹೊರತು ಹೊಸ ಆಸ್ತಿಯಲ್ಲ. ವಿಮೆ ಹಣ ಬಂದರೆ ಅದನ್ನು ಆ ಖರ್ಚಿನಲ್ಲಿ ಕಳೆಯಬೇಕು.

ರಿಪೇರಿಯ ನಂತರದ ಲೆಕ್ಕ

6,000 ಗಂಟೆಯಾದಾಗ ಟ್ರ್ಯಾಕ್ಟರ್ ಹೊಗೆ ಕಾರಲು, ಆಯಿಲ್ ತಿನ್ನಲು ಶುರುಮಾಡಿತು. 90,000 ರೂ. ಕೊಟ್ಟು ಎಂಜಿನ್ ಓವರ್‌ಹಾಲ್ ಮಾಡಿಸಲಾಯಿತು. ಮೊದಲಿನ ಅಂದಾಜಿನಂತೆ ಉಳಿದದ್ದು 4,000 ಗಂಟೆ. ಈಗ ಇನ್ನೂ 6,000 ಗಂಟೆ ಓಡುತ್ತದೆ ಎಂದು ಮೆಕ್ಯಾನಿಕ್ ಅಭಿಪ್ರಾಯ. ಗುಜರಿ ಬೆಲೆಯಲ್ಲಿ ಬದಲಾವಣೆ ಇಲ್ಲ.

ಹೆಜ್ಜೆ 1: ರಿಪೇರಿಯ ದಿನ ಮೀಟರ್ ಓದಿ, ಅಲ್ಲಿಯವರೆಗಿನ ಸವಕಳಿಯನ್ನು ಹಳೆಯ ದರದಲ್ಲೇ ಪೂರ್ತಿ ಬರೆಯಬೇಕು. ಉಳಿದ ಬೆಲೆ 3,22,000.
ಹೆಜ್ಜೆ 2: ರಿಪೇರಿ ವೆಚ್ಚ ಕೂಡಿಸಬೇಕು. 3,22,000 + 90,000 = 4,12,000.
ಹೆಜ್ಜೆ 3: ಗುಜರಿ ಬೆಲೆ ಕಳೆಯಬೇಕು. 4,12,000 − 70,000 = 3,42,000.
ಹೆಜ್ಜೆ 4: ಇನ್ನು ಮುಂದೆ ಓಡಬಹುದಾದ ಗಂಟೆಗಳಿಂದ ಭಾಗಿಸಬೇಕು. 3,42,000 ÷ 6,000 = ಗಂಟೆಗೆ 57 ರೂ.

ಹೊಸ ದರ ಹಳೆಯದಕ್ಕಿಂತ 6 ರೂ. ಕಡಿಮೆ. ಎಂಟನೆಯ ವರ್ಷ 800 ಗಂಟೆ ಓಡಿದರೆ ಸವಕಳಿ 45,600, ಉಳಿದ ಬೆಲೆ 3,66,400 ರೂ.

ಇಲ್ಲಿ ಎರಡು ತಪ್ಪು ಸಾಮಾನ್ಯ. ಮೊದಲನೆಯದು, 90,000ವನ್ನು ಮೂಲ ಬೆಲೆ 7,00,000ಕ್ಕೆ ಸೇರಿಸಿ ಒಟ್ಟು 12,000 ಗಂಟೆಯಿಂದ ಭಾಗಿಸುವುದು. ಆಗ ಗಂಟೆಗೆ 60 ರೂ. ಬರುತ್ತದೆ. ಇದು ಸರಿಯಲ್ಲ. ಕಳೆದ 6,000 ಗಂಟೆಗೆ ಆಗಲೇ 63 ರೂ.ನಂತೆ ಬರೆದಾಗಿದೆ, ಉಳಿದ 6,000 ಗಂಟೆಗೆ 60 ರೂ. ಬರೆದರೆ ಒಟ್ಟು ಸವಕಳಿ 7,38,000 ಆಗುತ್ತದೆ. ನಿಜವಾಗಿ ಹಂಚಬೇಕಾದದ್ದು 7,20,000 ಮಾತ್ರ. ಎರಡನೆಯದು, ಹಳೆಯ ವರ್ಷಗಳ ಪುಟ ತಿರುವಿ ಹಿಂದಿನ ಸವಕಳಿಯನ್ನು ತಿದ್ದುವುದು. ಆಯುಷ್ಯದ ಅಂದಾಜು ಬದಲಾದರೆ ಅದರ ಪರಿಣಾಮ ಮುಂದಿನ ದಿನಗಳಿಗೆ ಮಾತ್ರ. ಹಿಂದಿನ ವರ್ಷದ ಲೆಕ್ಕ ಅಂದಿನ ತಿಳಿವಳಿಕೆಗೆ ಸರಿಯಾಗಿಯೇ ಇತ್ತು.

ಆಯುಷ್ಯ ಹೆಚ್ಚದಿದ್ದರೆ? 90,000 ಸೇರಿಸಿ ಉಳಿದ 4,000 ಗಂಟೆಯಿಂದಲೇ ಭಾಗಿಸಿದರೆ ಗಂಟೆಗೆ 85.50 ರೂ. ಬೀಳುತ್ತದೆ. ದರ ಹೀಗೆ ಜಿಗಿದರೆ, ಅದು ಬಂಡವಾಳ ವೆಚ್ಚವೇ ಎಂದು ಮತ್ತೊಮ್ಮೆ ಯೋಚಿಸಬೇಕು. ಮೊದಲಿನ ಆಯುಷ್ಯವನ್ನು ಕಾಯ್ದುಕೊಳ್ಳಲಷ್ಟೇ ಮಾಡಿದ ಕೆಲಸವಾಗಿದ್ದರೆ ಅದನ್ನು ಆ ವರ್ಷದ ಖರ್ಚಾಗಿ ಬರೆಯುವುದೇ ಸರಿ.

ಕಿತ್ತು ಬಿಸಾಕಿದ ಭಾಗದ ಬೆಲೆ

ಮೇಲಿನ ಲೆಕ್ಕದಲ್ಲಿ ಒಂದು ಕೊರತೆ ಇದೆ. ಹಳೆಯ ಲೈನರ್, ಪಿಸ್ಟನ್ ಗುಜರಿಗೆ ಹೋದವು. ಆದರೆ ಅವುಗಳ ಬೆಲೆಯ ಒಂದು ಪಾಲು 3,22,000ದೊಳಗೆ ಇನ್ನೂ ಕುಳಿತಿದೆ. ಮನೆಗೆ ಹೊಸ ಬಾಗಿಲು ಕೂರಿಸಿ, ಸೌದೆಯಾದ ಹಳೆಯ ಬಾಗಿಲಿಗೂ ಬೆಲೆ ಕಟ್ಟಿದಂತೆ. ಬದಲಾಯಿಸಿದ ಭಾಗದ ಉಳಿದ ಬೆಲೆಯನ್ನು ಲೆಕ್ಕದಿಂದ ತೆಗೆಯಬೇಕು ಎಂಬುದು ಎಎಸ್ 10 ಮತ್ತು ಇಂಡ್ ಎಎಸ್ 16 ಎರಡರ ನಿಯಮ. ಹಳೆಯ ಭಾಗದ ಬೆಲೆ ಪ್ರತ್ಯೇಕವಾಗಿ ಗೊತ್ತಿಲ್ಲದಿದ್ದರೆ, ಹೊಸ ಭಾಗದ ಬೆಲೆ ನೋಡಿ ಅಂದಾಜು ಮಾಡಲು ಅವಕಾಶವಿದೆ.

ಈಗ 90,000 ಬೀಳುವ ಕೆಲಸದ ಭಾಗಗಳು ಏಳು ವರ್ಷದ ಹಿಂದೆ 60,000 ಬೆಲೆಯವು ಎಂದು ಹಿಡಿದರೆ:

- 10,000 ಗಂಟೆಗೆ 60,000, ಅಂದರೆ ಗಂಟೆಗೆ 6 ರೂ.
- 6,000 ಗಂಟೆಗೆ ಸವೆದದ್ದು 36,000. ಉಳಿದದ್ದು 24,000. ಇದನ್ನು ಆ ವರ್ಷದ ನಷ್ಟವಾಗಿ ಬರೆಯಬೇಕು. ಹಳೆಯ ಭಾಗ ಮಾರಿ ಏನಾದರೂ ಬಂದಿದ್ದರೆ ನಷ್ಟ ಅಷ್ಟು ಕಡಿಮೆ.
- ಟ್ರ್ಯಾಕ್ಟರ್‌ನ ಬೆಲೆ 3,22,000 − 24,000 + 90,000 = 3,88,000.
- ಗುಜರಿ ಬೆಲೆ ಕಳೆದರೆ 3,18,000. ಇದನ್ನು 6,000ದಿಂದ ಭಾಗಿಸಿದರೆ ಗಂಟೆಗೆ 53 ರೂ.

ಮನೆಯ ಲೆಕ್ಕಕ್ಕೆ ಮೊದಲಿನ 57 ರೂ. ಸಾಕು. ಸಹಕಾರಿ ಸಂಘ, ರೈತ ಉತ್ಪಾದಕ ಕಂಪನಿ, ಬಾಡಿಗೆ ಯಂತ್ರ ಕೇಂದ್ರ ನಡೆಸುವವರು ಈ ಎರಡನೆಯ ಕ್ರಮವನ್ನೇ ಹಿಡಿಯುವುದು ಲೇಸು.

ಇನ್ನೂ ಒಳ್ಳೆಯ ದಾರಿ ಎಂದರೆ ಯಂತ್ರ ಕೊಂಡ ದಿನವೇ ದೊಡ್ಡ ಭಾಗಗಳನ್ನು ಬೇರೆ ಸಾಲಿನಲ್ಲಿ ಬರೆದುಕೊಳ್ಳುವುದು. ಎಂಜಿನ್ ಭಾಗಗಳು 60,000, ಆಯುಷ್ಯ 6,000 ಗಂಟೆ, ಗಂಟೆಗೆ 10 ರೂ. ಉಳಿದ ಟ್ರ್ಯಾಕ್ಟರ್ 6,40,000, ಗುಜರಿ 70,000, ಆಯುಷ್ಯ 12,000 ಗಂಟೆ, ಗಂಟೆಗೆ 47.50 ರೂ. ಒಟ್ಟು 57.50 ರೂ. ಓವರ್‌ಹಾಲ್ ಬರುವ ಹೊತ್ತಿಗೆ ಹಳೆಯ ಭಾಗಗಳ ಬೆಲೆ ಸೊನ್ನೆಯಾಗಿರುತ್ತದೆ, ನಷ್ಟ ಬರೆಯುವ ಪ್ರಸಂಗವೇ ಬರುವುದಿಲ್ಲ. ಹೊಸ ಭಾಗಗಳಿಗೆ 90,000 ÷ 6,000 = 15 ರೂ. ಸೇರಿ ಮುಂದಿನ ದರ ಗಂಟೆಗೆ 62.50 ರೂ.

ಪಾಲಾಗುವಾಗ

ಮೇಲಿನ 57 ರೂ. ದರದ ಲೆಕ್ಕವನ್ನೇ ಮುಂದುವರಿಸೋಣ. ಓವರ್‌ಹಾಲ್‌ನ 90,000 ರೂ.ವನ್ನು ನಡುವಿನವನು ಒಬ್ಬನೇ ಕೊಟ್ಟಿದ್ದಾನೆ. ಅದಾದ ಮೇಲೆ ಟ್ರ್ಯಾಕ್ಟರ್ 1,500 ಗಂಟೆ ಓಡಿದೆ: ಹಿರಿಯನ ಕೆಲಸಕ್ಕೆ 700, ನಡುವಿನವನಿಗೆ 500, ಕಿರಿಯನಿಗೆ 300. ಡೀಸೆಲ್, ಚಾಲಕನ ಕೂಲಿ ಅವರವರೇ ಕೊಟ್ಟಿದ್ದಾರೆ. ಈಗ ಕಿರಿಯ ತನ್ನ ಪಾಲು ಬಿಡಿಸಿಕೊಡಿ ಎನ್ನುತ್ತಾನೆ.

ಟ್ರ್ಯಾಕ್ಟರ್‌ನ ಲೆಕ್ಕದ ಬೆಲೆ 4,12,000 − (1,500 × 57) = 3,26,500 ರೂ. ಇದನ್ನು ಮೂರರಿಂದ ಭಾಗಿಸಿ ತಲೆಗೆ 1,08,833 ರೂ. ಎಂದರೆ ನಡುವಿನವನಿಗೆ ಅನ್ಯಾಯ.

57 ರೂ.ನಲ್ಲಿ ಎರಡು ಭಾಗಗಳಿವೆ. ಓವರ್‌ಹಾಲ್‌ನದು 90,000 ÷ 6,000 = 15 ರೂ. ಹಳೆಯ ಟ್ರ್ಯಾಕ್ಟರ್‌ನದು (3,22,000 − 70,000) ÷ 6,000 = 42 ರೂ. ಇವೆರಡನ್ನು ಬಿಡಿಸಿದರೆ ದಾರಿ ತೆರೆಯುತ್ತದೆ.

ಒಂದು, ಓವರ್‌ಹಾಲ್‌ನಲ್ಲಿ ಇನ್ನೂ 4,500 ಗಂಟೆ ಉಳಿದಿದೆ. ಅದರ ಬೆಲೆ 4,500 × 15 = 67,500. ಇದು ನಡುವಿನವನ ಹಣ, ಪಾಲಿಗೆ ಸೇರದು.

ಎರಡು, ಉಳಿದ 3,26,500 − 67,500 = 2,59,000 ಮೂವರದು. ತಲೆಗೆ 86,333.

ಮೂರು, ಓವರ್‌ಹಾಲ್‌ನಲ್ಲಿ ಸವೆದ 22,500ವನ್ನು ಬಳಸಿದವರು ಕೊಡಬೇಕು. ಹಿರಿಯ 700 × 15 = 10,500, ಕಿರಿಯ 300 × 15 = 4,500. ಎರಡೂ ನಡುವಿನವನಿಗೆ.

ನಾಲ್ಕು, ಹಳೆಯ ಟ್ರ್ಯಾಕ್ಟರ್‌ನ ಸವಕಳಿ 1,500 × 42 = 63,000. ಸಮಪಾಲು ತಲೆಗೆ 21,000. ಹಿರಿಯ ಸವೆಸಿದ್ದು 29,400, ಕಿರಿಯ ಸವೆಸಿದ್ದು 12,600. ಆದ್ದರಿಂದ ಹಿರಿಯನಿಂದ ಕಿರಿಯನಿಗೆ 8,400 ಸಲ್ಲಬೇಕು.

ಕೊನೆಗೆ ಮೂವರಿಗೆ ಸಲ್ಲುವುದು:

ಹಿರಿಯ: 86,333 − 8,400 − 10,500 = 67,433
ನಡುವಿನವ: 86,333 + 67,500 + 15,000 = 1,68,833
ಕಿರಿಯ: 86,333 + 8,400 − 4,500 = 90,233

ಕೂಡಿಸಿದರೆ ಬಿಡಿ ರೂಪಾಯಿ ಬಿಟ್ಟು 3,26,500 ಸರಿಹೊಂದುತ್ತದೆ. ಮೂರು ಸಮಪಾಲು ಮಾಡಿದ್ದರೆ ನಡುವಿನವನು 60,000 ಕಳೆದುಕೊಳ್ಳುತ್ತಿದ್ದ. ಹಾಗೆ ನೋಡಿದರೆ ಹಿರಿಯನ ದುರಾಸೆಯೂ ಇಲ್ಲ, ಕಿರಿಯನ ಹಟವೂ ಇಲ್ಲ. ಗಂಟೆ ಬರೆದಿಡದಿದ್ದರೆ ಇಷ್ಟು ದೊಡ್ಡ ಮೊತ್ತ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ, ಮನಸ್ತಾಪ ಮಾತ್ರ ಉಳಿಯುತ್ತದೆ. ಓವರ್‌ಹಾಲ್‌ಗೆ ಮುಂಚಿನ 6,000 ಗಂಟೆಯ ವಿವರ ಲಾಗ್ ಪುಸ್ತಕದಲ್ಲಿದ್ದರೆ ಅದಕ್ಕೂ ಇದೇ ಕ್ರಮ ಹಿಡಿಯಬಹುದು.

ಲೆಕ್ಕದ ಬೆಲೆ ಮಾರುಕಟ್ಟೆ ಬೆಲೆಯಲ್ಲ ಎಂಬುದನ್ನು ಮರೆಯಬಾರದು. ಟ್ರ್ಯಾಕ್ಟರನ್ನು ಹೊರಗೆ ಮಾರಿದರೆ ಬಂದ ಹಣವೇ ಬೆಲೆ. ಮನೆಯಲ್ಲೇ ಇಟ್ಟುಕೊಳ್ಳುವುದಾದರೆ ಹಳೆಯ ಟ್ರ್ಯಾಕ್ಟರ್ ವ್ಯಾಪಾರಿಗಳಿಬ್ಬರ ಬಳಿ ದರ ಕೇಳಿ ಹೋಲಿಸಬೇಕು. ಲೆಕ್ಕದ ಬೆಲೆ ಮಾರುಕಟ್ಟೆಗಿಂತ ಬಹಳ ಹೆಚ್ಚಿದ್ದು, ಮುಂದಿನ ದುಡಿಮೆಯಿಂದಲೂ ಅಷ್ಟು ಹುಟ್ಟುವುದಿಲ್ಲ ಎನಿಸಿದರೆ ಅದನ್ನು ಇಳಿಸಿಯೇ ಪಾಲು ಮಾಡಬೇಕು.

ರಿಪೇರಿ ಮಾಡಿಸಬೇಕೇ, ಹೊಸದು ಕೊಳ್ಳಬೇಕೇ

ಈ ಪ್ರಶ್ನೆಗೆ 3,22,000 ಎಂಬ ಲೆಕ್ಕದ ಬೆಲೆ ಉತ್ತರ ಕೊಡುವುದಿಲ್ಲ. ಅದು ಆಗಿಹೋದ ಖರ್ಚಿನ ಉಳಿಕೆ. ಬೇಕಾದದ್ದು, ರಿಪೇರಿ ಮಾಡಿಸದೆ ಇಂದೇ ಮಾರಿದರೆ ಸಿಗುವ ಹಣ. ಅದು 2,50,000 ಎಂದಿಟ್ಟುಕೊಂಡರೆ:

ರಿಪೇರಿಯ ದಾರಿ: ಕೈಬಿಟ್ಟ 2,50,000 + ರಿಪೇರಿ 90,000 − ಕೊನೆಯ ಗುಜರಿ 70,000 = 2,70,000. 6,000 ಗಂಟೆಗೆ ಹಂಚಿದರೆ ಗಂಟೆಗೆ 45 ರೂ.

ಹೊಸದರ ದಾರಿ: ಬೆಲೆ 9,00,000, ಗುಜರಿ 90,000, 10,000 ಗಂಟೆ. ಗಂಟೆಗೆ 81 ರೂ. ಜೊತೆಗೆ ಸಾಲದ ಬಡ್ಡಿ.

36 ರೂ. ಅಂತರವಿದೆ. ಹಳೆಯ ಟ್ರ್ಯಾಕ್ಟರ್‌ನ ಮುಂದಿನ ಸಣ್ಣಪುಟ್ಟ ರಿಪೇರಿ, ಹೆಚ್ಚು ಕುಡಿಯುವ ಡೀಸೆಲ್, ಬಿತ್ತನೆಯ ಹೊತ್ತಿಗೆ ಕೆಟ್ಟು ನಿಂತರೆ ಆಗುವ ನಷ್ಟ ಇವೆಲ್ಲ ಗಂಟೆಗೆ 36 ರೂ. ಮೀರದಿದ್ದರೆ ರಿಪೇರಿಯೇ ಲಾಭ. ಮೀರಿದರೆ ಹೊಸದು.

ಗಂಟೆ ಮೀಟರ್ ಮತ್ತು ಲಾಗ್ ಪುಸ್ತಕ

ಹಳೆಯ ಟ್ರ್ಯಾಕ್ಟರ್‌ಗಳ ಯಾಂತ್ರಿಕ ಮೀಟರ್ ಗಡಿಯಾರದಂತೆ ಓಡುವುದಿಲ್ಲ. ಅದು ಎಂಜಿನ್‌ನ ಸುತ್ತುಗಳನ್ನು ಎಣಿಸುತ್ತದೆ. ನಿಗದಿತ ವೇಗದಲ್ಲಿ ಎಂಜಿನ್ ಓಡಿದಾಗ ಮಾತ್ರ ಮೀಟರ್‌ನ ಒಂದು ಗಂಟೆ ಗಡಿಯಾರದ ಒಂದು ಗಂಟೆಗೆ ಸಮ. ನಿಧಾನವಾಗಿ ಓಡಿದರೆ ಮೀಟರ್ ಕಡಿಮೆ ತೋರಿಸುತ್ತದೆ. ಸವಕಳಿಗೆ ಇದು ಅನುಕೂಲವೇ, ಏಕೆಂದರೆ ಎಂಜಿನ್ ಸವೆಯುವುದೂ ಸುತ್ತಿಗೆ ತಕ್ಕಂತೆ. ಎಲೆಕ್ಟ್ರಾನಿಕ್ ಮೀಟರ್‌ಗಳು ಸಾಮಾನ್ಯವಾಗಿ ಗಡಿಯಾರದ ಗಂಟೆಯನ್ನೇ ತೋರಿಸುತ್ತವೆ. ಒಂದು ಲೆಕ್ಕದಲ್ಲಿ ಎರಡನ್ನೂ ಬೆರೆಸಬಾರದು.

- ಓವರ್‌ಹಾಲ್ ಆದ ಮಾತ್ರಕ್ಕೆ ಮೀಟರ್ ಸೊನ್ನೆ ಮಾಡಿಸಬಾರದು.
- ಮೀಟರ್ ಬದಲಾಯಿಸಿದರೆ ಹಳೆಯ ಮೀಟರ್‌ನ ಕೊನೆಯ ಅಂಕಿ, ದಿನಾಂಕ ಬರೆದಿಡಬೇಕು. ಒಟ್ಟು ಗಂಟೆ ಎಂದರೆ ಹಳೆಯದು ಮತ್ತು ಹೊಸದು ಕೂಡಿದ್ದು.
- ಲಾಗ್ ಪುಸ್ತಕದಲ್ಲಿ ದಿನಾಂಕ, ಶುರುವಿನ ಅಂಕಿ, ಕೊನೆಯ ಅಂಕಿ, ಯಾರ ಕೆಲಸ, ಚಾಲಕನ ಸಹಿ ಇಷ್ಟಿದ್ದರೆ ಸಾಕು.
- ರಿಪೇರಿ ಬಿಲ್ಲಿನ ಮೇಲೆ ಅಂದಿನ ಮೀಟರ್ ಅಂಕಿಯನ್ನೂ ಹಣ ಕೊಟ್ಟವರ ಹೆಸರನ್ನೂ ಬರೆದು ಅಂಟಿಸಿಡಬೇಕು.

ಲಾಗ್ ಪುಸ್ತಕ ಕನ್ನಡದಲ್ಲೋ, ಮರಾಠಿ, ತಮಿಳು, ತೆಲುಗು, ಮಲಯಾಳದಲ್ಲೋ ಇರಲಿ, ಅಂಕಿಗಳನ್ನು ಎಲ್ಲರೂ ಓದಬಲ್ಲ ಒಂದೇ ಬಗೆಯಲ್ಲಿ ಬರೆಯಬೇಕು. ಕನ್ನಡ ಅಂಕಿ ಮತ್ತು ದೇವನಾಗರಿ ಅಂಕಿ ಬೆರೆತ ಪುಸ್ತಕದಿಂದ ಮುಂದೆ ಜಗಳ ಹುಟ್ಟಬಹುದು.

ನಿಂತ ಯಂತ್ರದ ಸವಕಳಿ

ಯಂತ್ರ ಓಡದ ವರ್ಷ ಬಳಕೆ ಆಧಾರಿತ ಸವಕಳಿ ಸೊನ್ನೆ ಆಗಬಹುದು. ಮಾನದಂಡಗಳೂ ಇದನ್ನು ಒಪ್ಪುತ್ತವೆ. 2020ರ ಲಾಕ್‌ಡೌನ್‌ನಲ್ಲಿ ಮಗ್ಗ, ಹೊಲಿಗೆ ಯಂತ್ರಗಳು ನಿಂತಾಗ ಈ ಪದ್ಧತಿ ಅನುಸರಿಸುವವರ ಪುಸ್ತಕದಲ್ಲಿ ಸವಕಳಿಯೂ ನಿಂತಿತು. ಆದರೆ ನಿಂತ ಟ್ರ್ಯಾಕ್ಟರ್‌ನ ಟಯರ್ ಬಿಸಿಲಿಗೆ ಬಿರಿಯುತ್ತದೆ, ಬ್ಯಾಟರಿ ಸಾಯುತ್ತದೆ, ಇಲಿ ವೈರು ಕಡಿಯುತ್ತದೆ. ಆದ್ದರಿಂದ ಪ್ರತಿ ವರ್ಷದ ಕೊನೆಯಲ್ಲಿ ಉಳಿದ ಗಂಟೆಯ ಅಂದಾಜನ್ನೂ ಗುಜರಿ ಬೆಲೆಯನ್ನೂ ಪರಿಶೀಲಿಸಿ, ಬದಲಾಗಿದ್ದರೆ ಹೆಜ್ಜೆ 3 ಮತ್ತು 4ನ್ನು ಮತ್ತೆ ಹಾಕಬೇಕು.

ತೆರಿಗೆಯ ಲೆಕ್ಕ ಬೇರೆ

ಈ ಲೆಕ್ಕವನ್ನು ಆದಾಯ ತೆರಿಗೆ ವಿವರಕ್ಕೆ ಹಾಗೆಯೇ ಬಳಸಲಾಗದು. 1961ರ ಆದಾಯ ತೆರಿಗೆ ಕಾಯ್ದೆಯ 32ನೇ ಕಲಮು ಒಂದೇ ದರದ ಆಸ್ತಿಗಳನ್ನು ಒಂದು ಗುಂಪಾಗಿ ಹಿಡಿದು, ಇಳಿಮುಖ ಶಿಲ್ಕಿನ ಮೇಲೆ ಸವಕಳಿ ಕೊಡುತ್ತಿತ್ತು. ಸಾಮಾನ್ಯ ಯಂತ್ರಗಳಿಗೆ ಶೇ. 15. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. 2026ರ ಏಪ್ರಿಲ್ 1ರಿಂದ ಅನ್ವಯಿಸುವಂತೆ ರೂಪಿಸಿದ 2025ರ ಹೊಸ ಕಾಯ್ದೆಯಲ್ಲೂ ಗುಂಪಿನ ಪದ್ಧತಿ ಉಳಿದಿದೆ. 7,00,000 ರೂ. ಯಂತ್ರಕ್ಕೆ ಪ್ರತಿ ವರ್ಷ ಪೂರ್ತಿ ಶೇ. 15ರಂತೆ ಕಳೆದರೆ ಏಳು ವರ್ಷದ ಕೊನೆಗೆ ಉಳಿಯುವುದು ಸುಮಾರು 2,24,400. ಗಂಟೆ ಲೆಕ್ಕದಲ್ಲಿ ಉಳಿದದ್ದು 3,22,000.

ರಿಪೇರಿಯ ವಿಷಯದಲ್ಲಿ ತೆರಿಗೆ ಕಾನೂನು ಕಟ್ಟುನಿಟ್ಟು. ಇರುವ ಆಸ್ತಿಯನ್ನು ಕಾಯ್ದುಕೊಳ್ಳುವ ಕೆಲಸ ಮಾತ್ರ ಚಾಲ್ತಿ ರಿಪೇರಿ, ಹೊಸ ಆಸ್ತಿ ತಂದು ಕೂರಿಸುವುದು ರಿಪೇರಿಯಲ್ಲ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಹೇಳಿದೆ. ನೂಲಿನ ಗಿರಣಿಯ ರಿಂಗ್ ಫ್ರೇಮ್ ಬದಲಾಯಿಸಿದ್ದು ಆ ಪ್ರಕರಣದ ವಿಷಯವಾಗಿತ್ತು.

ಸ್ವಂತ ಬೇಸಾಯದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಆದರೆ ಬೇರೆಯವರ ಹೊಲ ಉತ್ತು ಪಡೆದ ಬಾಡಿಗೆ ವ್ಯವಹಾರದ ಆದಾಯ. ಬಾಡಿಗೆಗೆ ಓಡಿಸುವವರು ತೆರಿಗೆಗೆ ಒಂದು, ಮನೆಗೆ ಒಂದು ಹೀಗೆ ಎರಡು ಸವಕಳಿ ಲೆಕ್ಕ ಇಡುವುದು ತಪ್ಪಲ್ಲ. ಬಾಡಿಗೆ ದರ ಕಟ್ಟುವುದಕ್ಕೂ ಪಾಲು ಮಾಡುವುದಕ್ಕೂ ಬಳಸಬೇಕಾದದ್ದು ಗಂಟೆಯ ಲೆಕ್ಕವನ್ನೇ. ಡೀಸೆಲ್, ಕೂಲಿ, ನಿರ್ವಹಣೆ, ವಿಮೆ, ಬಡ್ಡಿಯ ಜೊತೆ ಗಂಟೆಯ ಸವಕಳಿಯನ್ನೂ ಸೇರಿಸದೆ ಬಾಡಿಗೆ ಹೇಳಿದರೆ ಕೈಗೆ ಕಾಸು ಬಂದಂತೆ ಕಂಡರೂ, ಟ್ರ್ಯಾಕ್ಟರನ್ನೇ ಗಂಟೆಗಂಟೆಗೆ ಸ್ವಲ್ಪಸ್ವಲ್ಪವಾಗಿ ಮಾರಿದಂತೆ.